ಮಾತ್ರೆ ಬದಲಾಯಿತು, ಡಾಕ್ಟರೂ ಬದಲಾದರು, ಮಗ ಮಾತ್ರ ಹಾಗೇ ಇದ್ದಾನೆ

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ಎರಡನೇ ಕ್ಲಾಸಿನಲ್ಲಿದ್ದಾಗ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂದರು, ಹೋದ ವರ್ಷ ಆತಂಕವೂ ಇದೆ ಎಂದರು. ಮೊದಲು ಮೀಥೈಲ್‌ಫೆನಿಡೇಟ್ ಕೊಟ್ಟರು. ಕ್ಲಾಸಿನಲ್ಲಿ ಕೂರ್ತಾನೆ, ಬರೀತಾನೆ ಅಂತ ಮಿಸ್ ಖುಷಿಪಟ್ಟರು, ಆದರೆ ಊಟದ ಡಬ್ಬಿ ಹಾಗೇ ವಾಪಸ್ ಬರುತ್ತಿತ್ತು, ಸಂಜೆಯಾದರೆ ಸುಮ್ಸುಮ್ನೆ ಅಳು. ನಿಲ್ಲಿಸಿದೆವು. ಆಮೇಲೆ ಬೇರೆ ಡಾಕ್ಟರು ಅಟೊಮಾಕ್ಸೆಟಿನ್ ಬರೆದರು. ಮೂರು ವಾರ ಕೊಟ್ಟೆವು, ವಾಂತಿ, ತೂಕಡಿಕೆ ಬಿಟ್ಟರೆ ಏನೂ ಕಾಣಲಿಲ್ಲ, ಅದನ್ನೂ ಬಿಟ್ಟೆವು. ಕೌನ್ಸೆಲಿಂಗ್‌ಗೆ ಕರೆದುಕೊಂಡು ಹೋದರೆ ಚಿತ್ರ ಬರೆದು, ಆಟ ಆಡಿ ಬರುತ್ತಾನೆ. ಈಗ ದಿನಾ ಬೆಳಿಗ್ಗೆ ಹೊಟ್ಟೆನೋವು. ವಾರದಲ್ಲಿ ಎರಡು ದಿನ ಶಾಲೆಗೆ ಹೋದರೆ ಹೆಚ್ಚು. ರಾತ್ರಿ ‘ಅಮ್ಮಾ, ನೀನು ಸಾಯಲ್ಲ ತಾನೆ?’ ಅಂತ ನಿದ್ದೆ ಬರೋ ತನಕ ಕೇಳ್ತಾನೇ ಇರ್ತಾನೆ. ಬಚ್ಚಲಿಗೆ ಹೋದರೂ ಬಾಗಿಲಲ್ಲಿ ನಾನು ನಿಂತಿರಬೇಕು. ನಮ್ಮ ಯಜಮಾನರು ‘ನೀನೇ ಮುದ್ದು ಮಾಡಿ ಹಾಳು ಮಾಡಿದ್ದು’ ಅಂತಾರೆ. ಅತ್ತೆ ದೃಷ್ಟಿ ತೆಗೀತಾರೆ. ನಾನು ಕೆಲಸ ಬಿಟ್ಟೆ. ಯಾವ ಚಿಕಿತ್ಸೆಯೂ ಇವನಿಗೆ ಹಿಡಿಯುವುದಿಲ್ಲವೇ?
— ಹೆಸರು ಬೇಡ, ತುಮಕೂರು

ಉತ್ತರ: ಯಾವುದೂ ಹಿಡಿಯಲಿಲ್ಲ ಅಂತ ನಿಮಗೆ ಅನ್ನಿಸಿದೆ. ನಿಮ್ಮ ಪತ್ರ ಓದಿದರೆ ನನಗೆ ಹಾಗೆ ಕಾಣುತ್ತಿಲ್ಲ. ಮೊದಲ ಮಾತ್ರೆ ಅರ್ಧ ಕೆಲಸ ಮಾಡಿದೆ. ಎರಡನೆಯದಕ್ಕೆ ಕೆಲಸ ಮಾಡುವಷ್ಟು ಸಮಯವೇ ಸಿಗಲಿಲ್ಲ. ಕೌನ್ಸೆಲಿಂಗ್ ಅಂತ ನಡೆದದ್ದು ಆತಂಕಕ್ಕೆ ಬೇಕಾದ ಚಿಕಿತ್ಸೆಯಂತೆ ಕಾಣುವುದಿಲ್ಲ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಯಾರಾದರೂ ನಿಮ್ಮನ್ನು ಕೂರಿಸಿಕೊಂಡು ಇದನ್ನೆಲ್ಲ ಬಿಡಿಸಿ ಹೇಳಬೇಕಿತ್ತು, ಆದರೆ ಹೊರಗೆ ಅಷ್ಟುದ್ದ ಸಾಲು ಕಾಯುತ್ತಿರುವಾಗ ಯಾವ ಡಾಕ್ಟರಿಗೂ ಅಷ್ಟು ಪುರುಸೊತ್ತು ಸಿಗುವುದಿಲ್ಲ.

ಮೊದಲು ಮೀಥೈಲ್‌ಫೆನಿಡೇಟ್ ವಿಷಯ. ಇದು ಕೊಟ್ಟ ದಿನವೇ ಕೆಲಸ ಮಾಡುವ ಔಷಧ. ಸಾಮಾನ್ಯ ಮಾತ್ರೆಯಾದರೆ ಸುಮಾರು 4 ಗಂಟೆ, ನಿಧಾನವಾಗಿ ಕರಗುವಂಥದ್ದಾದರೆ 8ರಿಂದ 12 ಗಂಟೆ. ನೀವು ‘ಸಂಜೆ ಅಳು’ ಎಂದು ಬರೆದಿದ್ದೀರಿ, ಈ ‘ಸಂಜೆ’ ತುಂಬಾ ಮುಖ್ಯ. ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೆ ಕೆಲವು ಮಕ್ಕಳು ಕಿರಿಕಿರಿ ಮಾಡ್ತಾರೆ, ಅಳ್ತಾರೆ. ಮಧ್ಯಾಹ್ನದ ಊಟವೂ ಹೊಟ್ಟೆಗೆ ಬಿದ್ದಿರುವುದಿಲ್ಲ ಅಲ್ವಾ, ಹಸಿವೂ ಸೇರಿಕೊಂಡರೆ ಕೇಳೋದೇ ಬೇಡ. ಇದು ಬೇರೆ, ಬೆಳಿಗ್ಗೆಯಿಂದ ರಾತ್ರಿವರೆಗೂ ಆತಂಕ ಹೆಚ್ಚಾಗುವುದು ಬೇರೆ. ಮೊದಲನೆಯದಾಗಿದ್ದರೆ ಡೋಸು, ಹೊತ್ತು, ಮಾತ್ರೆಯ ಬಗೆ ಬದಲಿಸಿ ನೋಡಲು ದಾರಿಯಿದೆ. ಮಾತ್ರೆಗೆ ಮುಂಚೆ ಹೊಟ್ಟೆತುಂಬ ತಿಂಡಿ, ಶಾಲೆಯಿಂದ ಬಂದ ಕೂಡಲೇ ಮತ್ತೊಮ್ಮೆ ಊಟ, ರಾತ್ರಿ ತಡವಾಗಿ ಹಸಿದರೆ ಆಗಲೂ ಕೊಡಿ. ಎರಡನೆಯದಾಗಿದ್ದರೆ ಈ ಔಷಧ ಇವನಿಗೆ ಆಗಿಬರುವುದಿಲ್ಲ ಎಂದು ಬಿಡಬಹುದು. ಇದರಿಂದ ಆತಂಕ ಹೆಚ್ಚಾಗಿಯೇ ಆಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು 2015ರಲ್ಲಿ ನೋಡಿದಾಗ, ಈ ಬಗೆಯ ಔಷಧ ತಗೊಂಡ ಮಕ್ಕಳಲ್ಲಿ ಆತಂಕ ಸರಾಸರಿಯಲ್ಲಿ ಕಡಿಮೆಯೇ ಆಗಿತ್ತು. ಕೆಲವು ಮಕ್ಕಳಲ್ಲಿ ಹೆಚ್ಚಾಗುವುದೂ ನಿಜ, ಹಾಗಾಗಿ ಒಂದೊಂದು ಮಗುವನ್ನೂ ಬೇರೆಯಾಗಿಯೇ ನೋಡಬೇಕು.

ಅಟೊಮಾಕ್ಸೆಟಿನ್ ಹಾಗಲ್ಲ. ಅದು ನಿಧಾನ. ಗುಣ ಕಾಣೋಕೆ 4ರಿಂದ 6 ವಾರ ಬೇಕು, ಪೂರ್ತಿ ಕಾಣೋಕೆ 12 ವಾರವೂ ಆಗಬಹುದು. ತೊಂದರೆ ಏನೆಂದರೆ ವಾಂತಿ, ತೂಕಡಿಕೆ ಮೊದಲ ವಾರದಲ್ಲೇ ಬರುತ್ತವೆ, ಲಾಭ ಎರಡನೇ ತಿಂಗಳಲ್ಲಿ ಬರುತ್ತದೆ. ಊಟದ ನಂತರ ಕೊಟ್ಟರೆ, ಸಣ್ಣ ಡೋಸಿನಿಂದ ಶುರುಮಾಡಿ ಮೆಲ್ಲಗೆ ಏರಿಸಿದರೆ ಎಷ್ಟೋ ಮಕ್ಕಳು ತಡೆದುಕೊಳ್ಳುತ್ತಾರೆ. ಮಗುವಿನ ತೂಕ ನೋಡಿ ಡೋಸು ಹಾಕಬೇಕು. ಕೊನೆಗೆ ಯಾವ ಡೋಸಿಗೆ ಬಂದಿದ್ದಿರಿ ಎಂದು ಹಳೇ ಚೀಟಿ ತೆಗೆದು ನೋಡಿ, ಶುರುವಿನ ಡೋಸಿನಲ್ಲೇ ನಿಂತುಹೋಗಿರುವ ಸಾಧ್ಯತೆ ಜಾಸ್ತಿ. ಇನ್ನೊಂದು ವಿಷಯ: ಆತಂಕಕ್ಕೆ ಅಂತ ಫ್ಲೂಆಕ್ಸೆಟಿನ್ ಶುರುಮಾಡಿ, ಜೊತೆಗೆ ಅಟೊಮಾಕ್ಸೆಟಿನ್ ಕೂಡ ಕೊಡುವುದಾದರೆ ಎಚ್ಚರ ಬೇಕು. ಫ್ಲೂಆಕ್ಸೆಟಿನ್ ರಕ್ತದಲ್ಲಿ ಅಟೊಮಾಕ್ಸೆಟಿನ್ ಮಟ್ಟವನ್ನು ಏರಿಸುತ್ತದೆ, ಆಗ ಅಟೊಮಾಕ್ಸೆಟಿನ್ ಡೋಸು ಇಳಿಸಬೇಕಾಗುತ್ತದೆ. ಬೇರೆ ಬೇರೆ ಡಾಕ್ಟರ ಹತ್ತಿರ ಹೋಗುವವರು ಎಲ್ಲಾ ಮಾತ್ರೆಗಳ ಹೆಸರನ್ನೂ ಪ್ರತಿಯೊಬ್ಬರಿಗೂ ಹೇಳಲೇಬೇಕು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಎರಡು ವರ್ಷದ ಹಿಂದೆ ಎಡಿಎಚ್‌ಡಿ ದೊಡ್ಡ ತೊಂದರೆಯಾಗಿತ್ತು. ಈಗ ನಿಮ್ಮ ಮನೆಯನ್ನು ಆಳುತ್ತಿರುವುದು ಆತಂಕ. ಹೊಟ್ಟೆನೋವು, ಶಾಲೆ ಬೇಡ, ರಾತ್ರಿಯ ಪ್ರಶ್ನೆ, ಬಚ್ಚಲ ಬಾಗಿಲು, ಇವ್ಯಾವುದೂ ಗಮನ ನಿಲ್ಲದ್ದರಿಂದ ಬಂದದ್ದಲ್ಲ. ಎರಡೂ ಇರುವ ಮಕ್ಕಳಲ್ಲಿ ಸದ್ಯ ಯಾವುದು ಜಾಸ್ತಿ ಕಾಡುತ್ತಿದೆಯೋ ಅದಕ್ಕೆ ಮೊದಲು ಚಿಕಿತ್ಸೆ ಕೊಡುವುದು ವಾಡಿಕೆ. ಅಂದರೆ ನೀವು ‘ಯಾವ ಎಡಿಎಚ್‌ಡಿ ಮಾತ್ರೆ’ ಎಂದು ಹುಡುಕುತ್ತಾ ಕೂತರೆ ಇನ್ನೊಂದು ವರ್ಷ ಹೋಗುತ್ತದೆ.

ಆತಂಕಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಇದನ್ನು ಧೈರ್ಯವಾಗಿ ಹೇಳಬಹುದು. ಅಮೆರಿಕದಲ್ಲಿ 7ರಿಂದ 17 ವರ್ಷದ 488 ಮಕ್ಕಳ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2008ರಲ್ಲಿ ಬಂತು. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಮತ್ತು ಸರ್ಟ್ರಲಿನ್ ಮಾತ್ರೆ ಎರಡನ್ನೂ ಪಡೆದವರಲ್ಲಿ ನೂರಕ್ಕೆ 81 ಮಕ್ಕಳು ಚೆನ್ನಾಗಿ ಸುಧಾರಿಸಿದ್ದರು. ಬರೀ ಸಿಬಿಟಿಯಿಂದ 60, ಬರೀ ಮಾತ್ರೆಯಿಂದ 55, ಔಷಧವಿಲ್ಲದ ಹುಸಿಮಾತ್ರೆ ತಗೊಂಡವರಲ್ಲಿ 24. ಎಡಿಎಚ್‌ಡಿ ಮಕ್ಕಳ ಬಗ್ಗೆ 1999ರಲ್ಲಿ ಪ್ರಕಟವಾದ ಅಲ್ಲಿನದೇ ದೊಡ್ಡ ಅಧ್ಯಯನದಲ್ಲೂ, ಆತಂಕ ಜೊತೆಗಿದ್ದ ಮಕ್ಕಳಿಗೆ ನಡವಳಿಕೆ ಚಿಕಿತ್ಸೆ ಬೇರೆ ಮಕ್ಕಳಿಗಿಂತ ಚೆನ್ನಾಗಿ ಹಿಡಿದಿತ್ತು.

ಆದರೆ ಸಿಬಿಟಿ ಅಂದರೆ ಚಿತ್ರ ಬರೆಯೋದಲ್ಲ. ಮಗು ಯಾವುದಕ್ಕೆ ಹೆದರುತ್ತದೋ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸೋದನ್ನು ಕಲಿಸಬೇಕು, ಮನೆಯಲ್ಲಿ ಮಾಡೋಕೆ ಕೆಲಸ ಕೊಡಬೇಕು, ಅಪ್ಪ-ಅಮ್ಮನನ್ನೂ ಒಳಗೆ ಕರೆದು ಕೂರಿಸಬೇಕು. ‘ಈ ವಾರ ಮನೆಯಲ್ಲಿ ನಾವೇನು ಮಾಡಬೇಕು’ ಅಂತ ಕೇಳಿ. ಉತ್ತರ ಸಿಗದಿದ್ದರೆ ಬೇರೆಯವರನ್ನು ನೋಡಿ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಒಳ್ಳೆಯದು, ಬೋರ್ಡಿನ ಮೇಲೆ ಕೌನ್ಸೆಲರ್ ಎಂದು ಯಾರು ಬೇಕಾದರೂ ಬರೆಸಿಕೊಳ್ಳಬಹುದು.

ಸಿಬಿಟಿ ಸಿಗುವವರೆಗೂ ಮನೆಯಲ್ಲಿ ನೀವು ಶುರುಮಾಡಬಹುದಾದ ಒಂದು ಕೆಲಸ ಇದೆ, ಮತ್ತು ಇದಕ್ಕೆ ಮಗನ ಒಪ್ಪಿಗೆಯೂ ಬೇಕಿಲ್ಲ. ರಾತ್ರಿ ಅವನು ಕೇಳುತ್ತಾನೆ, ನೀವು ‘ಇಲ್ಲ ಕಂದಾ, ಸಾಯಲ್ಲ’ ಅಂತೀರಿ. ಅವನಿಗೆ ಎರಡು ನಿಮಿಷ ಸಮಾಧಾನ. ಮತ್ತೆ ಕೇಳುತ್ತಾನೆ. ಪ್ರತಿ ಸಲ ಉತ್ತರ ಸಿಕ್ಕಾಗಲೂ ಅವನ ಮನಸ್ಸು ಕಲಿಯೋದು ಒಂದೇ: ಅಮ್ಮ ಹೇಳಿದರೆ ಮಾತ್ರ ನಾನು ಸೇಫ್. ಯಾವ ತಾಯಿಯಾದರೂ ಹಾಗೇ ಉತ್ತರ ಕೊಡ್ತಾಳೆ, ಅದು ಮುದ್ದು ಅಲ್ಲ. ಯಜಮಾನರಿಗೆ ಇದನ್ನು ಓದಿ ಹೇಳಿ. ಆದರೂ ಇದು ಆತಂಕಕ್ಕೆ ಅನ್ನ ಹಾಕಿದ ಹಾಗೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಬರೀ ತಂದೆತಾಯಿಗಳಿಗೆ, ಇಂಥ ಒತ್ತಾಸೆಯನ್ನು ಮೆಲ್ಲಗೆ ಕಡಿಮೆ ಮಾಡೋದನ್ನು ಕಲಿಸುವ ಚಿಕಿತ್ಸೆ ರೂಪಿಸಿದ್ದಾರೆ. 2020ರಲ್ಲಿ ಬಂದ ಪ್ರಯೋಗದಲ್ಲಿ ಅದು ಮಕ್ಕಳಿಗೇ ಕೊಟ್ಟ ಸಿಬಿಟಿಗಿಂತ ಕಡಿಮೆಯೇನೂ ಇರಲಿಲ್ಲ.

ಮಾಡೋದು ಹೀಗೆ. ಒಂದೇ ಒಂದು ವಿಷಯ ಆರಿಸಿಕೊಳ್ಳಿ, ರಾತ್ರಿಯ ಪ್ರಶ್ನೆಯನ್ನೇ ತಗೊಳ್ಳಿ. ಹಗಲು ಹೊತ್ತಿನಲ್ಲಿ, ಅವನು ಚೆನ್ನಾಗಿರುವಾಗ, ಅಪ್ಪನೂ ಇರುವಾಗ ಹೇಳಿ: ‘ನಿನಗೆ ರಾತ್ರಿ ಭಯ ಆಗುತ್ತೆ, ಅದು ಕಷ್ಟ ಅಂತ ನನಗೆ ಗೊತ್ತು ಮಗಾ. ನೀನು ತಡ್ಕೋತೀಯ ಅಂತಾನೂ ಗೊತ್ತು. ಇವತ್ತಿನಿಂದ ಆ ಪ್ರಶ್ನೆಗೆ ಒಂದೇ ಸಲ ಉತ್ತರ ಕೊಡ್ತೀನಿ.’ ಎಡಿಎಚ್‌ಡಿ ಇರುವ ಹುಡುಗ, ಸಂಜೆಯೊಳಗೆ ಮರೆತಿರ್ತಾನೆ, ಹಾಗಾಗಿ ಒಂದು ಚೀಟಿಯಲ್ಲಿ ಬರೆದು ಹಾಸಿಗೆ ಪಕ್ಕ ಅಂಟಿಸಿ. ಎರಡನೇ ಸಲ ಕೇಳಿದಾಗ ಬೈಯದೆ ಚೀಟಿ ತೋರಿಸಿ, ತಲೆ ಸವರಿ, ಸುಮ್ನಿರಿ. ಮೊದಲ ಕೆಲವು ರಾತ್ರಿ ಅಳು, ರಂಪ ಜಾಸ್ತಿಯೇ ಆಗುತ್ತೆ. ಆಗ ಬಿಟ್ಟುಬಿಟ್ಟರೆ ‘ಇನ್ನೂ ಜೋರಾಗಿ ಅತ್ತರೆ ಸಿಗುತ್ತೆ’ ಅಂತ ಕಲಿಯುತ್ತಾನೆ, ಅದಕ್ಕೆ ಶುರುಮಾಡುವ ಮುಂಚೆ ಮನೆಯವರೆಲ್ಲ ಒಂದೇ ಮಾತಿಗೆ ಬನ್ನಿ. ಬೆಳಿಗ್ಗೆ ಎದ್ದ ಕೂಡಲೇ ಏನಾದರೂ ಸಣ್ಣ ಬಹುಮಾನ ಇರಲಿ, ತಿಂಗಳ ಕೊನೆಗೆ ಸೈಕಲ್ಲು ಎಂದರೆ ಇವನಿಗೆ ನಡೆಯಲ್ಲ.

ಬಚ್ಚಲ ಬಾಗಿಲು ಆಮೇಲೆ. ಎಲ್ಲಾ ಒಟ್ಟಿಗೆ ಬೇಡ.

ಶಾಲೆ ಮಾತ್ರ ಕಾಯೋ ಹಾಗಿಲ್ಲ. ಮನೆಯಲ್ಲಿ ಉಳಿದ ಪ್ರತಿ ದಿನವೂ ಮರುದಿನದ ಭಯವನ್ನು ದೊಡ್ಡದು ಮಾಡುತ್ತೆ. ಹೊಟ್ಟೆನೋವನ್ನು ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ, ಏನೂ ಇಲ್ಲ ಎಂದರೆ ಅಲ್ಲಿಗೆ ಆ ತನಿಖೆ ಮುಗಿಸಿ. ಹೆಡ್‌ಮಾಸ್ಟರ ಹತ್ತಿರ ಮಾತಾಡಿ, ಮೊದಲು ಎರಡು ಪಿರಿಯಡ್‌ಗೆ ಮಾತ್ರ ಕಳಿಸಿ, ಆಮೇಲೆ ಮಧ್ಯಾಹ್ನದವರೆಗೆ. ಅಲ್ಲಿ ಯಾರಾದರೂ ಹೊಡೀತಾರಾ, ಅಣಕಿಸ್ತಾರಾ ಅಂತಲೂ ಕೇಳಿ. ಮಕ್ಕಳನ್ನು ಹೊಡೆಯೋದು, ಮಾನಸಿಕವಾಗಿ ಹಿಂಸಿಸೋದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಜೊತೆಗೆ ಓದು, ಬರಹ, ಲೆಕ್ಕದ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ. ಎಡಿಎಚ್‌ಡಿ ಜೊತೆ ಇದು ತುಂಬಾ ಸಲ ಇರುತ್ತೆ, ಓದೋಕೆ ಬರದ ಹುಡುಗ ಶಾಲೆಗೆ ಹೆದರೋದರಲ್ಲಿ ಆಶ್ಚರ್ಯ ಏನಿದೆ? 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಹೆಸರು ಇಲ್ಲ, ಕಲಿಕಾ ನ್ಯೂನತೆ ಇದೆ. ಮುಂದೆ ಎಸೆಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಕೇಳೋಕೆ ಆ ಸರ್ಟಿಫಿಕೇಟ್ ಬೇಕಾಗುತ್ತೆ. ರಾತ್ರಿ ಗೊರಕೆ ಹೊಡೀತಾನಾ, ಬಾಯಿ ತೆರೆದು ಮಲಗ್ತಾನಾ ಅದನ್ನೂ ಗಮನಿಸಿ. ಗಂಟಲ ಗ್ರಂಥಿ ದಪ್ಪವಾಗಿ ನಿದ್ದೆ ಕೆಟ್ಟರೆ ಹಗಲಿನ ಗಮನವೂ ಕೆಡುತ್ತೆ. ರಕ್ತದಲ್ಲಿ ಕಬ್ಬಿಣದ ಅಂಶ, ಥೈರಾಯ್ಡ್ ನೋಡಿಸಿಲ್ಲದಿದ್ದರೆ ಡಾಕ್ಟರನ್ನು ಕೇಳಿ.

ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕೆಂದರೆ ನಿಮಗೆ ಬೆಂಗಳೂರಿನ ನಿಮ್ಹಾನ್ಸ್ ಹತ್ತಿರವೇ ಇದೆ. ಅಲ್ಲಿ ಮಕ್ಕಳಿಗೇ ಬೇರೆ ಮನೋವೈದ್ಯ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ಹೋಗುವಾಗ ಒಂದೇ ಹಾಳೆಯಲ್ಲಿ ಮಾತ್ರೆ ಯಾವುದು, ಎಷ್ಟು, ಎಷ್ಟು ದಿನ, ಏನಾಯ್ತು, ಯಾವ ಹೊತ್ತಿನಲ್ಲಿ ಎಂದು ಬರೆದುಕೊಂಡು ಹೋಗಿ. ಇನ್ನು ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ. ಮಾತ್ರೆ, ಶಾಲೆ, ಟ್ಯೂಷನ್ ಎಲ್ಲಾ ಒಂದೇ ವಾರ ಬದಲಾಯಿಸಿದರೆ ಯಾವುದರಿಂದ ಏನಾಯ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಅತ್ತೆ ದೃಷ್ಟಿ ತೆಗೆಯಲಿ ಬಿಡಿ, ಯಾರಿಗೂ ನಷ್ಟವಿಲ್ಲ. ತೆಗೆದಾದ ಮೇಲೆ ಒಂದು ಗಂಟೆ ಮೊಮ್ಮಗನ ಜೊತೆ ಅವರೇ ಇರಲಿ, ನೀವು ಹೊರಗೆ ಹೋಗಿ ಬನ್ನಿ. ನಿಮಗೇ ತಡೆಯೋಕಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮಗ ಯಾವತ್ತಾದರೂ ತಾನೇ ಸಾಯಬೇಕು, ತಾನು ಇರಬಾರದಿತ್ತು ಎಂದರೆ ಮಾತ್ರ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಟೊಮಾಕ್ಸೆಟಿನ್ ಆಗಲಿ, ಆತಂಕದ ಮಾತ್ರೆ ಆಗಲಿ ಹೊಸದಾಗಿ ಶುರುಮಾಡಿದ ವಾರಗಳಲ್ಲಿ ಇದರ ಮೇಲೆ ಕಣ್ಣಿಡಲೇಬೇಕು.

ಪ್ರಶ್ನೆ: ಮಗಳಿಗೆ ಬರೆದ ಮೀಥೈಲ್‌ಫೆನಿಡೇಟ್ ನಮ್ಮೂರಿನ ಯಾವ ಮೆಡಿಕಲ್ ಶಾಪಲ್ಲೂ ಇಲ್ಲ. ಕೇಳಿದರೆ ವಿಚಿತ್ರವಾಗಿ ನೋಡ್ತಾರೆ. ಅಮೆರಿಕದಲ್ಲಿರುವ ತಮ್ಮ ಅಲ್ಲಿಂದ ಬೇರೆ ಮಾತ್ರೆ ಕಳಿಸ್ತೀನಿ ಅಂತಾನೆ.
— ಒಬ್ಬ ತಂದೆ, ಹಾವೇರಿ

ಉತ್ತರ: ಬೇಡ, ತಮ್ಮನಿಗೆ ಹೇಳಿಬಿಡಿ. ಅಲ್ಲಿ ಎಡಿಎಚ್‌ಡಿಗೆ ಬಳಸುವ ಆಂಫೆಟಮಿನ್ ಮಾತ್ರೆಗಳು ಇಲ್ಲಿನ ಅಂಗಡಿಗಳಲ್ಲಿ ಸಿಗುವುದಿಲ್ಲ, ಪಾರ್ಸೆಲ್‌ನಲ್ಲಿ ತರಿಸಿದರೆ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ತೀರಿ. ಮೀಥೈಲ್‌ಫೆನಿಡೇಟ್ ನಮ್ಮ ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್ ಎಂಬ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಅದಕ್ಕೆ ಬೇರೆ ಲೈಸೆನ್ಸ್ ಇರುವ ಅಂಗಡಿಯೇ ಬೇಕು, ಚೀಟಿಯೂ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ತಾರೆ. ಆ ವಿಚಿತ್ರ ನೋಟಕ್ಕೆ ಕಾರಣ ಇಷ್ಟೇ. ಚೀಟಿ ಬರೆದ ಆಸ್ಪತ್ರೆಯಲ್ಲೇ ಯಾವ ಅಂಗಡಿಯಲ್ಲಿ ಸಿಗುತ್ತೆ ಎಂದು ಕೇಳಿಕೊಳ್ಳಿ, ಖಾಲಿಯಾಗೋಕೆ ಒಂದು ವಾರ ಮುಂಚೆಯೇ ತನ್ನಿ. ಇದು ಒಂದೆರಡು ದಿನ ತಪ್ಪಿದರೆ ಗಾಬರಿಯಿಲ್ಲ. ಎಡಿಎಚ್‌ಡಿಗೇ ಕೆಲವರಿಗೆ ಬರೆಯುವ ಕ್ಲೋನಿಡಿನ್ ಮಾತ್ರೆ ಕೂಡ ಕೊಡುತ್ತಿದ್ದರೆ ಅದನ್ನು ಮಾತ್ರ ದಿಢೀರನೆ ನಿಲ್ಲಿಸಬಾರದು, ಬಿಪಿ ಏರುತ್ತೆ.

ಪ್ರಶ್ನೆ: ಮೊಮ್ಮಗನಿಗೆ ಎಡಿಎಚ್‌ಡಿ ಬಂದದ್ದು ಸಕ್ಕರೆಯಿಂದಲೋ ಮೊಬೈಲಿನಿಂದಲೋ? ಪುಷ್ಯ ನಕ್ಷತ್ರದ ದಿನ ಸ್ವರ್ಣಪ್ರಾಶನ ಹಾಕಿಸಿದರೆ ಮಾತ್ರೆ ಬಿಡಿಸಬಹುದೇ?
— ಅಜ್ಜ, ಸಾಗರ

ಉತ್ತರ: ಸಕ್ಕರೆಯಿಂದ ಅಲ್ಲ, ಅದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಮೊಬೈಲಿನಿಂದ ಬಂದದ್ದೂ ಅಲ್ಲ, ಆದರೆ ರಾತ್ರಿ ಮೊಬೈಲು ನಿದ್ದೆ ಕೆಡಿಸುತ್ತೆ, ನಿದ್ದೆ ಕೆಟ್ಟರೆ ಎಲ್ಲಾ ಕೆಡುತ್ತೆ. ಇದು ಹೆಚ್ಚಾಗಿ ವಂಶದಲ್ಲಿ ಹರಿದು ಬರುವಂಥದ್ದು. ಅಪ್ಪನ ಕಡೆಯದೋ ಅಮ್ಮನ ಕಡೆಯದೋ ಎಂಬ ಪಂಚಾಯ್ತಿಗೆ ಮಾತ್ರ ದಯವಿಟ್ಟು ಕೂರಬೇಡಿ. ಸ್ವರ್ಣಪ್ರಾಶನವನ್ನು ನಂಬಿ ಮಾತ್ರೆ ಬಿಡಿಸಬೇಡಿ, ಹಾಕಿಸಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ನೀವು ಮಾಡಬಹುದಾದ ಒಂದು ಕೆಲಸ ಇದೆ ಅಜ್ಜ. ಹೋಂವರ್ಕಿಗೆ ಕೂರುವ ಮುಂಚೆ ಅವನನ್ನು ಅರ್ಧ ಗಂಟೆ ಓಡಾಡಿಸಿ, ಆಟ ಆಡಿಸಿ. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋದರೂ ಬೈಯಬೇಡಿ, ವಾಪಸ್ ಬಂದು ಕೂತಾಗ ‘ಭೇಷ್’ ಅನ್ನಿ.