ಓದುಗರ ಪ್ರಶ್ನೆ: ಪಾಲಿಕೆಯ ಇ-ಟೆಂಡರ್ ಮತ್ತು ಬಟ್ಟೆ ಚೀಲ

ಪ್ರಶ್ನೆ: ನಮ್ಮ ಬಚತ್ ಗಟ್ (ಸ್ವಸಹಾಯ ಗುಂಪು) ಹತ್ತಿ ಚೀಲ ಹೊಲಿಯುತ್ತದೆ. ಪಾಲಿಕೆಯೊಂದು ‘ಪರಿಸರಸ್ನೇಹಿ ಬಟ್ಟೆ ಚೀಲ’ಕ್ಕೆ ಟೆಂಡರ್ ಕರೆದಿತ್ತು. ಆರ್ಡರ್ ಹೋದದ್ದು ನಾನ್-ವೋವನ್ (ನೇಯದೆ ಮಾಡಿದ) ಚೀಲದವರಿಗೆ. ಆಕ್ಷೇಪಿಸಬಹುದೇ?
– ಓದುಗರು, ಚಿಂಚವಡ

ಉತ್ತರ: ದರದ ಲಕೋಟೆ ತೆರೆದ ಮೇಲೆ ಆಕ್ಷೇಪಕ್ಕೆ ಬಲ ಕಡಿಮೆ. ತಾಂತ್ರಿಕ ಲಕೋಟೆಯಲ್ಲಿ ಪಾಸಾದವರ ಪೈಕಿ ಅತಿ ಕಡಿಮೆ ದರ ಬರೆದವರೇ ಎಲ್-1, ಅಂದರೆ ದರದಲ್ಲಿ ಮೊದಲಿಗರು; ಆರ್ಡರ್ ಅವರಿಗೆ. ಹತ್ತಿಗೆಂದು ಅಲ್ಲಿ ಅಂಕವಿಲ್ಲ. ಪರಿಸರದ ಷರತ್ತು ಏನಿದ್ದರೂ ಮೊದಲೇ ಸ್ಪೆಸಿಫಿಕೇಶನ್ನಿನಲ್ಲಿ ಇರಬೇಕು. ‘ಪರಿಸರಸ್ನೇಹಿ’ ಅನ್ನುವುದು ಅಳೆಯಲಾಗದ ಪದ. ನಾನ್-ವೋವನ್ ನೋಡಲಿಕ್ಕೆ ಬಟ್ಟೆ, ಆದರೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. 2021ರ ಪ್ಲಾಸ್ಟಿಕ್ ತ್ಯಾಜ್ಯ ತಿದ್ದುಪಡಿ ನಿಯಮಗಳು ಅದನ್ನು ಪ್ಲಾಸ್ಟಿಕ್ ಚೀಲವೆಂದೇ ಎಣಿಸಿ, ಕನಿಷ್ಠ 60 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇರಬೇಕು ಎನ್ನುತ್ತವೆ.

ಮುಂದಿನ ಸಲ ಪ್ರಿ-ಬಿಡ್ ಸಭೆಗೆ (ಬಿಡ್ ಸಲ್ಲಿಸುವ ಮುಂಚೆ ಪ್ರಶ್ನೆ ಕೇಳಲು ಕರೆಯುವ ಸಭೆ) ಮೊದಲೇ ಲಿಖಿತವಾಗಿ ಕೇಳಿ: ‘100% ಹತ್ತಿ, ನೇಯ್ದ ಬಟ್ಟೆ, ಗಂಜಿ ತೆಗೆದ ಮೇಲೆ ಇಷ್ಟು ಜಿಎಸ್‌ಎಂ, ಬಂಡಲ್‌ಗೆ ಪ್ಲಾಸ್ಟಿಕ್ ಹೊದಿಕೆ ಬೇಡ’. ಒಪ್ಪಿದರೆ ಪೋರ್ಟಲ್‌ನಲ್ಲಿ ತಿದ್ದುಪಡಿ ಬರುತ್ತದೆ, ಎಲ್ಲರಿಗೂ ಅನ್ವಯ. ಗಂಜಿಯ ಮಾತು ಬಿಡಬೇಡಿ. ಗಂಜಿ ಹಾಕಿದ ಕೋರಾ ಬಟ್ಟೆ ತಕ್ಕಡಿಯಲ್ಲಿ ಭಾರ, ಒಂದು ಒಗೆತಕ್ಕೆ ಬಡಕಲು. ಬಟ್ಟೆಯನ್ನು ಒಗೆದು ಒಣಗಿಸಿ, 10 ಸೆಂ.ಮೀ. ಚೌಕದ ತುಂಡು ಕತ್ತರಿಸಿ ತೂಗಿ, 100ರಿಂದ ಗುಣಿಸಿ: 1.5 ಗ್ರಾಂ ಅಂದರೆ 150 ಜಿಎಸ್‌ಎಂ. (ಒಗೆಯುವ ಮೊದಲೇ ಕತ್ತರಿಸಿದರೆ ತುಂಡು ಕುಗ್ಗಿ ಲೆಕ್ಕ ತಪ್ಪುತ್ತದೆ.) ಒಂದು ನೂಲಿಗೆ ಬೆಂಕಿ ಹಚ್ಚಿದರೆ ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಪ್ರೊಪಿಲೀನ್ ಕರಗಿ ಮಣಿಯಾಗುತ್ತದೆ. ಸರಕು ಇಳಿಸಿಕೊಳ್ಳುವಾಗ ಈ ಪರೀಕ್ಷೆ ಮಾಡಬೇಕೆಂದೂ ಷರತ್ತಿನಲ್ಲಿ ಬರೆಸಿ. ಇಲ್ಲದಿದ್ದರೆ ಮಾದರಿ ಒಂದು, ಸರಕು ಇನ್ನೊಂದು.

ಪ್ರಶ್ನೆ: ಮಹಾಟೆಂಡರ್ಸ್‌ನಲ್ಲಿ (ಮಹಾರಾಷ್ಟ್ರ ಸರಕಾರದ ಇ-ಟೆಂಡರ್ ಪೋರ್ಟಲ್) ಕಾಗದಪತ್ರ ಎಲ್ಲ ಏರಿಸಿದ್ದೆವು, ಆದರೂ ನಮ್ಮ ಬಿಡ್ ಪಟ್ಟಿಯಲ್ಲಿ ಇರಲಿಲ್ಲ. ಯಾಕೆ?
– ಓದುಗರು, ಹಡಪ್ಸರ್

ಉತ್ತರ: ‘ಫ್ರೀಜ್’ ಬಟನ್ ಒತ್ತಿರಲಿಕ್ಕಿಲ್ಲ. ಅದನ್ನು ಒತ್ತಿ ಸ್ವೀಕೃತಿ ಪತ್ರ ಬಂದರೆ ಮಾತ್ರ ಬಿಡ್ ಸಲ್ಲಿಕೆಯಾದಂತೆ. ಗಡುವಿಗೆ ಲೆಕ್ಕ ಪರದೆಯ ಮೇಲಿನ ಸರ್ವರ್ ಗಡಿಯಾರದ್ದು, ನಿಮ್ಮ ಮೊಬೈಲಿನದಲ್ಲ. ಕ್ಲಾಸ್-3 ಡಿಜಿಟಲ್ ಸಹಿಯ ಅವಧಿಯನ್ನು ವಾರ ಮೊದಲೇ ನೋಡಿಕೊಳ್ಳಿ. ದರದ ಎಕ್ಸೆಲ್ ಹಾಳೆಯ ಹೆಸರು ಬದಲಿಸಬೇಡಿ; ಬದಲಿಸಿದರೆ ಪೋರ್ಟಲ್ ತೆಗೆದುಕೊಳ್ಳುವುದಿಲ್ಲ. ಗಡುವಿನೊಳಗೆ ದರ ತಿದ್ದಿ ಮತ್ತೆ ಸಲ್ಲಿಸಬಹುದು. ಆದರೆ ‘ವಿತ್‌ಡ್ರಾ’ ಮಾಡಿದರೆ ಆ ಟೆಂಡರ್‌ಗೆ ಮತ್ತೆ ಬರಲಾಗದು.