ಓದುಗರ ಪ್ರಶ್ನೆ: ನಲವತ್ತು ದಿನದ ಗಾಳಿ

ಪ್ರಶ್ನೆ: ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರರಾಗಿದ್ದವರು. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿದ್ದರು. ಈಗ ನಮ್ಮ ಸಣ್ಣ ಕಾಫಿ ತೋಟ ನೋಡಿಕೊಳ್ಳುತ್ತಾರೆ. ಆನೆ ಓಡಿಸಲು ಪಕ್ಕದವರು ಪಟಾಕಿ ಹೊಡೆದರೆ ಸಾಕು, ಕಣದಲ್ಲೇ ಬೋರಲು ಬಿದ್ದುಬಿಡುತ್ತಾರೆ. ಆಮೇಲೆ ನಾಚಿಕೆಯಿಂದ ಎರಡು ದಿನ ಮಾತಿಲ್ಲ. ರಾತ್ರಿಯೆಲ್ಲ ಜಗಲಿಯಲ್ಲಿ ಕುಳಿತೇ ಬೆಳಗು ಮಾಡುತ್ತಾರೆ. ನಿದ್ದೆಗೆಂದು ಆಲ್ಪ್ರಜೋಲಾಂ, ಜೊತೆಗೆ ಕ್ಯಾಂಟೀನಿನ ರಮ್. ನಗರದ ಒಂದು ಕೇಂದ್ರದವರು ಆಮ್ಲಜನಕದ ಪೆಟ್ಟಿಗೆಯಲ್ಲಿ 40 ದಿನ ಮಲಗಿಸಿದರೆ ಮಿದುಳಿನ ಗಾಯ ಮಾಯುತ್ತದೆ ಎನ್ನುತ್ತಾರೆ. ದಿನಕ್ಕೆ 3,500 ರೂಪಾಯಿ. ಈ ವರ್ಷದ ಕಾಫಿ ದುಡ್ಡು ಕೈಯಲ್ಲಿದೆ. ಕಟ್ಟಬಹುದೇ?
(ಹೆಸರು ಬೇಡ, ಸೋಮವಾರಪೇಟೆ)

ಉತ್ತರ: ಕಟ್ಟಬೇಡಿ ತಾಯಿ. ನೀವು ಬರೆದದ್ದು ಯುದ್ಧದ ಆಘಾತ ಮನಸ್ಸಿನಲ್ಲಿ ಉಳಿದುಬಿಡುವ ಕಾಯಿಲೆಯಂತೆ, ಅಂದರೆ ಪಿಟಿಎಸ್‌ಡಿಯಂತೆ ಕಾಣುತ್ತದೆ. ದುಡ್ಡು ಬ್ಯಾಂಕಿನಲ್ಲೇ ಇರಲಿ, ಕಾರಣವನ್ನು ನಿಧಾನವಾಗಿ ಓದಿ.

ಆ ಪೆಟ್ಟಿಗೆಯೇ ಮೋಸ ಎಂದು ನಾನು ಹೇಳುವುದಿಲ್ಲ. ಆಳ ನೀರಿನಿಂದ ಅವಸರದಲ್ಲಿ ಮೇಲೆ ಬಂದ ಮುಳುಗುಗಾರರಿಗೆ, ಕಾರ್ಬನ್ ಮಾನಾಕ್ಸೈಡ್ ಕುಡಿದವರಿಗೆ, ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಒಣಗದ ಕೆಲವರಿಗೆ ಅದು ನಿಜವಾದ ಚಿಕಿತ್ಸೆ. ಕುತೂಹಲಕ್ಕೆ ನಾನೂ ಒಮ್ಮೆ ಒಳಗೆ ಮಲಗಿ ನೋಡಿದ್ದೇನೆ. ಒತ್ತಡ ಏರುತ್ತಿದ್ದಂತೆ, ಬಸ್ಸು ಚಾರ್ಮಾಡಿ ಘಾಟಿ ಇಳಿಯುವಾಗ ಆಗುವ ಹಾಗೆ, ಕಿವಿ ಕಟ್ಟಿಕೊಂಡು ಟಪ್ಪೆಂದು ಬಿಡುತ್ತದೆ. ಕಿವಿ ಟಪ್ಪೆಂದ ಮೇಲೆ ಒಳಗೆ ಏನೋ ನಡೆಯುತ್ತಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತು.

ಅಮೆರಿಕದ ಸೇನೆಯ ವೈದ್ಯರು ಈ ಅನ್ನಿಸಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ತಲೆಗೆ ಪೆಟ್ಟು ಬಿದ್ದು ತೊಂದರೆ ಉಳಿದುಕೊಂಡಿದ್ದ 72 ಸೈನಿಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 40 ಬಾರಿ ಒತ್ತಡದ ಆಮ್ಲಜನಕ. ಇನ್ನೊಂದಕ್ಕೆ ಅದೇ ಪೆಟ್ಟಿಗೆ, ಅದೇ 40 ಬಾರಿ, ಕಿವಿ ಕಟ್ಟುವಷ್ಟೇ ಒತ್ತಡ. ಆದರೆ ಒಳಗೆ ನಾವು ನೀವು ಉಸಿರಾಡುವ ಮಾಮೂಲಿ ಗಾಳಿ. ಮೂರನೆಯ ಗುಂಪಿಗೆ ಪೆಟ್ಟಿಗೆಯೇ ಇಲ್ಲ. 2015ರಲ್ಲಿ ಫಲಿತಾಂಶ ಪ್ರಕಟವಾಯಿತು: ಪೆಟ್ಟಿಗೆ ಹೊಕ್ಕವರೆಲ್ಲ ಹೊರಗಿದ್ದವರಿಗಿಂತ ಸುಧಾರಿಸಿದ್ದರು, ಆಮ್ಲಜನಕ ಕುಡಿದವರಿಗೂ ಬರಿಗಾಳಿ ಕುಡಿದವರಿಗೂ ವ್ಯತ್ಯಾಸವಿರಲಿಲ್ಲ.

ಬರಿಗಾಳಿಯಿಂದ ಹೇಗೆ ಸುಧಾರಿಸಿದರು? ನಾನು ಊಹಿಸುವುದು ಹೀಗೆ. ದಿನವೂ ಹೊತ್ತಿಗೆ ಸರಿಯಾಗಿ ಎದ್ದು, ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಡುತ್ತಾರೆ. ಬಾಗಿಲಲ್ಲಿ ಒಬ್ಬ ಹುಡುಗಿ "ರಾತ್ರಿ ನಿದ್ದೆ ಬಂತೇ ಸರ್?" ಎಂದು ಕೇಳುತ್ತಾಳೆ, ಕೇಳಿದ್ದನ್ನು ಬರೆದುಕೊಳ್ಳುತ್ತಾಳೆ. ಒಂದು ಗಂಟೆ ಮೊಬೈಲ್ ಇಲ್ಲದೆ, ಯಾರ ಕಾಟವೂ ಇಲ್ಲದೆ ಮಲಗುತ್ತಾರೆ. ಹೊರಗೆ ಹೆಂಡತಿ ಕಾಯುತ್ತಿರುತ್ತಾಳೆ. ಇಪ್ಪತ್ತು ವರ್ಷದಿಂದ ಯಾರೂ ಆ ಮನುಷ್ಯನಿಗೆ ಇಷ್ಟು ಗಮನ ಕೊಟ್ಟಿರುವುದಿಲ್ಲ. ಅದಕ್ಕೆ 1,40,000 ರೂಪಾಯಿ ಬೇಕೇ?

ಕೇಂದ್ರದವರು ನಿಮಗೆ ಇಸ್ರೇಲಿನ ಅಧ್ಯಯನ ತೋರಿಸಬಹುದು. 2022ರಲ್ಲಿ ಅಲ್ಲಿನ 35 ಮಾಜಿ ಸೈನಿಕರ ಮೇಲೆ ನಡೆದ ಪ್ರಯೋಗದಲ್ಲಿ ಒಳ್ಳೆಯ ಫಲ ಕಂಡದ್ದು ನಿಜ, ಆದರೆ ಹೋಲಿಕೆಗೆ ಬರಿಗಾಳಿಯ ಗುಂಪನ್ನು ಇಟ್ಟಿರಲಿಲ್ಲ. ಆಮೇಲೆ ಹುಸಿ ಚಿಕಿತ್ಸೆಯ ಗುಂಪನ್ನೂ ಇಟ್ಟು ಮಾಡಿದ ಸಣ್ಣ ಪ್ರಯೋಗದಲ್ಲೂ ಫಲ ಕಂಡಿದ್ದೇವೆ ಎಂದು ಅಲ್ಲಿಯವರು ಬರೆದಿದ್ದಾರೆ. ಬೇರೆಯವರು ಬೇರೆ ಊರಿನಲ್ಲಿ ಮಾಡಿ ನೋಡಲಿ. ಅಲ್ಲಿಯವರೆಗೆ ಅದು ಸಂಶೋಧನೆ. ಸಂಶೋಧನೆಗೆ ಒಳಗಾಗುವವರಿಂದ ದುಡ್ಡು ವಸೂಲಿ ಮಾಡುವ ಪದ್ಧತಿ ಎಲ್ಲಿಯದು?

ಈಗ ಮಾಡಬೇಕಾದದ್ದು. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡ್ ಹಿಡಿದು ಅದರ ಪಾಲಿಕ್ಲಿನಿಕ್‌ಗೆ ಹೋಗಿ ಮನೋವೈದ್ಯರಿಗೆ ರೆಫರಲ್ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ಗೆ ನೇರವಾಗಿಯೂ ಹೋಗಬಹುದು. "ಆಘಾತದ ನೆನಪಿನ ಮೇಲೇ ಕೆಲಸ ಮಾಡುವ ಮಾತಿನ ಚಿಕಿತ್ಸೆ ಬೇಕು" ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಮಾತ್ರೆಯ ಚೀಟಿ ಮಾತ್ರ ಸಿಕ್ಕೀತು. ಈ ಮಾತಿನ ಚಿಕಿತ್ಸೆಯಲ್ಲಿ ಒಂದು ಬಗೆ ಹೀಗಿದೆ: ಯುದ್ಧದಲ್ಲಿ ನಡೆದದ್ದನ್ನು ಅವರು ಕಣ್ಣು ಮುಚ್ಚಿ, ಈಗಲೇ ನಡೆಯುತ್ತಿರುವಂತೆ ಹೇಳಬೇಕು. ಅದನ್ನು ಧ್ವನಿಮುದ್ರಣ ಮಾಡಿ ಮನೆಗೆ ಕೊಡುತ್ತಾರೆ, ದಿನವೂ ಕೇಳಬೇಕು. ಸಾಮಾನ್ಯವಾಗಿ 8ರಿಂದ 15 ಭೇಟಿ. ಮೊದಲ ವಾರಗಳಲ್ಲಿ ಅವರು ಇನ್ನಷ್ಟು ಕಂಗೆಡಬಹುದು, ಆಗ ಬಿಡಿಸಿ ಕರೆತರಬೇಡಿ. ಸರ್ಟ್ರಲೀನ್‌ನಂಥ ಮಾತ್ರೆ ಬೇಕೇ ಎಂಬುದನ್ನು ಅಲ್ಲಿಯೇ ನಿರ್ಧರಿಸುತ್ತಾರೆ.

ಆಲ್ಪ್ರಜೋಲಾಂ ಮೇಲೆ ರಮ್ ಕುಡಿಯುವುದು ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ ಸಾಲು. ಎರಡೂ ಸೇರಿ ಉಸಿರಾಟವನ್ನೇ ಕುಗ್ಗಿಸಬಲ್ಲವು. ಹಾಗೆಂದು ನೀವೇ ಮಾತ್ರೆಯನ್ನು ಬಚ್ಚಿಡಬೇಡಿ. ಎಷ್ಟೋ ದಿನ ತೆಗೆದುಕೊಂಡದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ರಮ್ಮಿನ ಮಾತೂ ಅಷ್ಟೇ. ಎರಡನ್ನೂ ವೈದ್ಯರ ಮುಂದಿಟ್ಟು ಇಳಿಸಬೇಕು. ರಾತ್ರಿ ತೀರಾ ಕಷ್ಟವಾದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ಕನ್ನಡದಲ್ಲಿ ಮಾತಾಡುತ್ತಾರೆ. ಪಕ್ಕದ ತೋಟದವರಿಗೂ ಒಂದು ಮಾತು ಹೇಳಿಡಿ: ಪಟಾಕಿಗೆ ಮುಂಚೆ ಒಂದು ಫೋನ್ ಮಾಡಲಿ.

ಪ್ರಶ್ನೆ: ಅಪ್ಪನಿಗೆ ಒಬ್ಬ ಮನಶ್ಶಾಸ್ತ್ರಜ್ಞೆ ಇಎಂಡಿಆರ್ ಎಂಬ ಆಘಾತದ ಚಿಕಿತ್ಸೆ ಮಾಡುತ್ತಾರಂತೆ. ಕಣ್ಣ ಮುಂದೆ ಬೆರಳು ಆಡಿಸುತ್ತಾರೆ, ಅಪ್ಪ ನೋಡುತ್ತಾ ಹಳೆಯದನ್ನು ನೆನೆಯಬೇಕಂತೆ. ಇದು ಮಾಟ ತೆಗೆಯುವವರ ಆಟದಂತೆ ಕಾಣುತ್ತದೆ. ನಿಲ್ಲಿಸಲೇ?
(ಓದುಗ, ಬೆಳಗಾವಿ)

ಉತ್ತರ: ನಿಲ್ಲಿಸಬೇಡಿ. ನನಗೂ ಮೊದಲು ಹಾಗೆಯೇ ಕಂಡಿತ್ತು, ಸಹೋದ್ಯೋಗಿಯ ಎದುರು ನಕ್ಕೂ ಇದ್ದೆ. 1987ರಲ್ಲಿ ಫ್ರಾನ್ಸೀನ್ ಶಪಿರೋ ಎಂಬಾಕೆಗೆ ಉದ್ಯಾನದಲ್ಲಿ ನಡೆಯುವಾಗ, ಕಣ್ಣು ಅತ್ತಿತ್ತ ಓಡಿದರೆ ಕಾಡುವ ಯೋಚನೆ ಹಗುರಾಗುತ್ತದೆ ಎನ್ನಿಸಿತಂತೆ. ಇಂಥ ಹುಟ್ಟುಕಥೆ ಕೇಳಿದರೆ ಯಾರಿಗೂ ಅನುಮಾನ ಬರಬೇಕು. ಆದರೆ ಮುಂದೆ ಹಲವಾರು ಕಡೆ ಹೋಲಿಸಿ ನೋಡಿದಾಗ ಗುಣ ಕಂಡಿತು; 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ತನ್ನ ಶಿಫಾರಸಿನಲ್ಲಿ ಸೇರಿಸಿತು. ಬೆರಳಿನದೇ ಗುಣವೋ, ಧೈರ್ಯವಾಗಿ ನೆನಪಿನ ಎದುರು ಕೂರುವುದರ ಗುಣವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನನ್ನ ಮತ ಎರಡನೆಯದಕ್ಕೆ.

ನೋಡಲು ವಿಜ್ಞಾನದಂತೆ ಇದ್ದದ್ದು ಎಷ್ಟು ಕೆಡಿಸಿದೆ ಎಂಬುದಕ್ಕೂ ಉದಾಹರಣೆಯಿದೆ. ಎರಡನೇ ಮಹಾಯುದ್ಧದ ಸಮಯದಲ್ಲೂ ಅದರ ನಂತರವೂ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಸುಮಾರು 2,000 ಜನರಿಗೆ ಮಿದುಳಿನ ನರ ಕತ್ತರಿಸುವ ಲೊಬಾಟಮಿ ಮಾಡಿದರು. ಮಾಡಿದವರು ಬಿಳಿ ಕೋಟಿನ ವೈದ್ಯರು, 1949ರಲ್ಲಿ ಆ ವಿಧಾನಕ್ಕೆ ನೊಬೆಲ್ ಕೂಡ ಬಂತು. ಬೆರಳಿಗೆ ಹೆದರಬೇಡಿ.

ಪ್ರಶ್ನೆ: ನನ್ನ ಕೆಟ್ಟ ಕನಸುಗಳಿಗೆ ನೀವೇ ಪ್ರಜೋಸಿನ್ ಮಾತ್ರೆ ಬರೆದುಕೊಟ್ಟಿದ್ದಿರಿ. ಅದೂ ಕೆಲಸ ಮಾಡುವುದಿಲ್ಲವೆಂದು ಓದಿದೆ. ಹಾಗಾದರೆ ನೀವೂ ಆ ಪೆಟ್ಟಿಗೆಯವರೂ ಒಂದೇ ಅಲ್ಲವೇ ಡಾಕ್ಟರೇ?
(ನಿವೃತ್ತ ಸುಬೇದಾರ್, ಹಾಸನ)

ಉತ್ತರ: ಏಟು ಸರಿಯಾದ ಜಾಗಕ್ಕೇ ಬಿತ್ತು ಸುಬೇದಾರ್ ಸಾಹೇಬರೇ. ಸಣ್ಣ ಪ್ರಯೋಗಗಳನ್ನು ನಂಬಿ ಎಷ್ಟೋ ಜನರಿಗೆ ಬರೆದೆ. 2018ರಲ್ಲಿ 304 ಮಾಜಿ ಸೈನಿಕರ ಮೇಲಿನ ದೊಡ್ಡ ಪ್ರಯೋಗದಲ್ಲಿ ಅದು ಹುಸಿಮಾತ್ರೆಗಿಂತ ಮೇಲು ಎಂದು ಕಾಣಲಿಲ್ಲ. 2023ರ ಅಮೆರಿಕದ ಮಾರ್ಗಸೂಚಿ ಕೆಟ್ಟ ಕನಸಿಗೆ ಕೊಟ್ಟು ನೋಡಬಹುದು ಎಂದು ಮೆಲುದನಿಯಲ್ಲಿ ಹೇಳುತ್ತದೆ, ಅಷ್ಟೆ. ಹೊಸಬರಿಗೆ ಬರೆಯುವ ಮೊದಲು ಈಗ ಇದನ್ನೆಲ್ಲ ಹೇಳಿಯೇ ಬರೆಯುತ್ತೇನೆ. ನಿಮಗೆ ಕನಸು ಕಡಿಮೆಯಾಗಿದ್ದರೆ, ಎದ್ದು ನಿಂತಾಗ ತಲೆ ಸುತ್ತದಿದ್ದರೆ ಮುಂದುವರಿಸಿ. ಇಲ್ಲದಿದ್ದರೆ ಹಳೆಯ ಚೀಟಿ ತೆಗೆದುಕೊಂಡು ಬನ್ನಿ, ನಾನೇ ಹೊಡೆದುಹಾಕುತ್ತೇನೆ.