ಕೊಂಕಣ ದಾರಿಯಲ್ಲಿ ಕಾರಿಗೂ ದೋಣಿ ಪ್ರಯಾಣ

ಪ್ರಶ್ನೆ: ಡಿಸೆಂಬರ್‌ನಲ್ಲಿ ಬೆಳಗಾವಿಯಿಂದ ಸಮುದ್ರದ ಪಕ್ಕದಲ್ಲೇ ಮಹಾರಾಷ್ಟ್ರದ ಮುರುಡ್‌ವರೆಗೆ ಕಾರಿನಲ್ಲಿ ಹೊರಟಿದ್ದೇವೆ. ನಡುವೆ ಫೆರಿಗೆ ಕಾರು ಹತ್ತಿಸಬೇಕಂತೆ. ಅತ್ತೆಗೆ ಭಯ. ಹೆದ್ದಾರಿಯಲ್ಲೇ ಹೋಗೋದು ವಾಸಿಯೇ?

ಉತ್ತರ: ಬೇಡಮ್ಮ, ಫೆರಿ ಬಿಡಬೇಡಿ. ನಾನೂ ನನ್ನ ತಾಯಿಯನ್ನು ಇದೇ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೆ. ಮೊದಲ ಫೆರಿ ಹತ್ತುವ ಜಯಗಡದ ಜೆಟ್ಟಿಯಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದಿದ್ದರು. ಎರಡನೆಯದಾದ ದಾಭೋಳದ ಫೆರಿ ಹೊತ್ತಿಗೆ ಅವರೇ ಮೊದಲು ಇಳಿದು ಕಂಬಿ ಹಿಡಿದು ನಿಂತರು!

ಅಂಬೋಲಿ ಘಾಟಿ ಇಳಿದು ಮಾಲವಣ, ರತ್ನಾಗಿರಿ, ಗಣಪತಿಪುಳೆ. ಅಲ್ಲಿಂದ ಮುಂದೆ ನಾಲ್ಕು ಫೆರಿ. ಜಯಗಡ–ತವಸಾಳದಲ್ಲಿ ಶಾಸ್ತ್ರಿ ನದಿ, ಧೋಪಾವೆ–ದಾಭೋಳದಲ್ಲಿ ವಾಶಿಷ್ಠಿ, ವೇಶ್ವಿ–ಬಾಗಮಾಂಡ್ಲಾದಲ್ಲಿ ಸಾವಿತ್ರಿ. ಕೊನೆಯದು ದಿಘಿ–ಅಗರದಾಂಡಾ, ರಾಜಪುರಿ ಖಾರಿಯ (ಸಮುದ್ರದ ನೀರು ಒಳನುಗ್ಗಿದ ಜಾಗ) ಮೇಲೆ. ದಾಟೋದೆಲ್ಲ ನದಿ ಸಮುದ್ರ ಸೇರುವ ಜಾಗದಲ್ಲಿ. ನಡುಸಮುದ್ರಕ್ಕೆ ಹೋಗೋದಿಲ್ಲ ಅಂತ ಅತ್ತೆಗೆ ಹೇಳಿ. ದಾಭೋಳದ ಫೆರಿ ಬಿಟ್ಟರೆ ಚಿಪ್ಳೂಣ ಸುತ್ತಬೇಕು, ಅರ್ಧ ದಿನ ಸುಮ್ನೆ ಹೋಗುತ್ತದೆ.

ಹತ್ತಿಸುವಾಗ ಅತ್ತೆಯವರು ಕೆಳಗಿಳಿದು ನಡೆದೇ ಬರಲಿ. ನೀವು ಫಸ್ಟ್ ಗೇರ್‌ನಲ್ಲಿ ನಿಧಾನಕ್ಕೆ ಹೋಗಿ, ಸಿಬ್ಬಂದಿ ಕೈಸನ್ನೆ ನೋಡಿ. ನಿಲ್ಲಿಸಿದ ಕೂಡಲೇ ಹ್ಯಾಂಡ್ ಬ್ರೇಕ್ ಹಾಕಿ, ಗೇರ್‌ನಲ್ಲೇ ಬಿಡಿ. ಚಿಲ್ಲರೆ ಹಣ ಇರಲಿ. ಒಂದು ದಿನಕ್ಕೆ ಎರಡು ಫೆರಿಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಕೊನೆಯ ಫೆರಿ ಎಷ್ಟು ಹೊತ್ತಿಗೆ ಅಂತ ಹಿಂದಿನ ರಾತ್ರಿ ಉಳಿದ ಊರಲ್ಲೇ ಕೇಳಿಕೊಳ್ಳಿ. ಗುಹಾಗರದಲ್ಲಿ ಒಂದು ರಾತ್ರಿ ಉಳಿಯಿರಿ, ಅಲ್ಲಿನ ಕಡಲತೀರ ಅತ್ತೆಗೆ ಖಂಡಿತ ಹಿಡಿಸುತ್ತದೆ.